ರಾಜನ ಪೇಟದಲ್ಲಿ ಮೊಳೆತ ಹುರುಳಿ

ಒಂದಾನೊಂದು ಊರಿನಲ್ಲಿ, ಹೊಟ್ಟೆ ತುಂಬಿದವರಿಗೆ ಹತ್ತಿರ, ಹಸಿದವರಿಗೆ ದೂರ, ಅಂಥ ಒಂದು ಊರಿನಲ್ಲಿ, ಒಬ್ಬ ರಾಜ ಇದ್ದ. ಬನ್ನಿ, ಒಲೆ ಮುಂದೆ ಜಾಗ ಇದೆ. ತಟ್ಟೆ ಹಿಡಿದುಕೊಂಡೇ ಬನ್ನಿ. ತಟ್ಟೆ ಬಿಟ್ಟು ಬಂದವರಿಗೆ ಈ ಕತೆ ಕೇಳಿಸೋದಿಲ್ಲ.

ಊರಿನ ಹೆಸರು ಹತ್ತಿಪುರ. ರಾಜನ ಹೆಸರು ಬೆಟ್ಟದರಸ. ಅವನಿಗೆ ಯುದ್ಧದ ಚಿಂತೆ ಇಲ್ಲ. ಮಳೆಯ ಚಿಂತೆ ಇಲ್ಲ. ಒಂದೇ ಒಂದು ಚಿಂತೆ. ಬೆಳಗಿನ ತಿಂಡಿ ಬೆಳ್ಳಗಿರಬೇಕು.

ಯಾಕೆ ಬೆಳ್ಳಗೆ? ಹೇಳ್ತೀನಿ ಕೇಳಿ. ಇವನ ತಾತ ದೊಡ್ಡ ಅರಸರ ಕಾಲದಲ್ಲಿ ಅರಮನೆಯವರು ಬೆಳಿಗ್ಗೆ ಹುರುಳಿಕಾಳು ತಿನ್ನುತ್ತಿದ್ದರು. ಕಾಳು ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬರಿಸಿ, ಬೇಯಿಸಿ ಒಗ್ಗರಣೆ ಹಾಕಿ, ರಾಗಿ ರೊಟ್ಟಿ ಜೊತೆ. ಒಂದು ದಿನ ಪಕ್ಕದ ಊರಿನ ರಾಜ ನೆಂಟನಾಗಿ ಬಂದ. ತಟ್ಟೆ ನೋಡಿದ. "ಅಯ್ಯೋ ಶಿವನೇ, ಇದನ್ನ ನಾವು ಕುದುರೆಗೆ ಹಾಕ್ತೀವಿ!" ಅಂದ. ಅಂದು, ಹೊಟ್ಟೆ ಹಿಡಿದುಕೊಂಡು ನಕ್ಕ.

ದೊಡ್ಡ ಅರಸರಿಗೆ ಎಷ್ಟು ನಾಚಿಕೆ ಆಯಿತು ಅಂದರೆ, ಕೈ ಕೂಡ ತೊಳೆಯದೆ ಎದ್ದು ಹೋಗಿ ಊಟದ ಮನೆಯ ಕಂಬದ ಹಿಂದೆ ನಿಂತುಕೊಂಡರು. ಇನ್ನೂ ಅಲ್ಲೇ ಇದ್ದಾರೆ. ಆಗ ಕಪ್ಪಗಿದ್ದ ಗಡ್ಡ ಬೆಳ್ಳಗಾಗಿ ಕಂಬವನ್ನೇ ಸುತ್ತಿಕೊಂಡಿದೆ. ಹಬ್ಬಕ್ಕೆ ಕರೆದರೂ ಬರೋದಿಲ್ಲ.

"ಅವನು ಹೋದನಾ?" ಅಂತ ಕೇಳ್ತಾರೆ.

"ಹೋದ ತಾತ. ಹೋಗಿ, ಸತ್ತೂ ಆಯಿತು."

"ನಗೋದು ನಿಲ್ಲಿಸಿದನಾ?"

ಇದಕ್ಕೆ ಯಾರು ಏನು ಹೇಳೋದು? ಆದ್ದರಿಂದ ತಾತ ಅಲ್ಲೇ.

ಅದನ್ನು ನೋಡುತ್ತಾ ಬೆಳೆದ ಬೆಟ್ಟದರಸ ಪಟ್ಟಕ್ಕೆ ಬಂದ ಕೂಡಲೇ ಡಂಗುರ ಹೊಡೆಸಿದ. "ಇನ್ನು ಮುಂದೆ ಹತ್ತಿಪುರದ ತಿಂಡಿಯೆಲ್ಲ ಬೆಳ್ಳಗಿರತಕ್ಕದ್ದು. ಕಪ್ಪುಕಾಳು, ಕಂದುಕಾಳು, ಹಸಿರುಕಾಳು ಕಂಡರೆ ಊರಾಚೆಗೆ!"

ಹುರುಳಿ ಹೋಯಿತು, ಲಾಯಕ್ಕೆ. ಹೆಸರುಕಾಳು ಹೋಯಿತು. ಕಡಲೆಕಾಳು ಹೋಯಿತು. ರಾಗಿ ಹೋಯಿತು. ಕಡಲೆಕಾಯಿ ಬೀಜ ಸಿಪ್ಪೆ ಬಿಚ್ಚಿ ನಿಂತುಕೊಂಡು "ಒಳಗೆ ಬೆಳ್ಳಗಿದ್ದೀನಿ ಬುದ್ಧಿ" ಅಂತ ಬೇಡಿಕೊಂಡಿತು. "ಮೇಲಿನ ಕೆಂಪು ಅಂಗಿ ಯಾರದು?" ಅಂತ ಗದರಿ ಅದನ್ನೂ ಕಳಿಸಿದರು. ಮೊಟ್ಟೆ ಬೆಳ್ಳಗೆ ದುಂಡಗೆ ಧೈರ್ಯವಾಗಿ ಉರುಳಿಕೊಂಡು ಬಂತು. ಒಡೆದು ನೋಡಿದರೆ ಒಳಗೆ ಹಳದಿ! "ಮೋಸಗಾರ ಮೊಟ್ಟೆ" ಅಂತ ಅದನ್ನು ಅಟ್ಟಿದರು. ಅದರ ಹಿಂದೆ ಕೋಳಿಗಳೂ ತಲೆ ತಗ್ಗಿಸಿಕೊಂಡು ಹೊರಟವು. ಹಾಲು ಉಳಿಯುತ್ತೇನೋ ಅಂದುಕೊಂಡರು. ಕಾಯಿಸಿದಾಗ ಕೆನೆ ಸ್ವಲ್ಪ ಹಳದಿ ಕಟ್ಟಿತು. ಹಾಲೂ ಹೋಯಿತು.

ಉಳಿದದ್ದು ಏನು? ಬರೀ ಅಕ್ಕಿ ಇಡ್ಲಿ. ಒತ್ತು ಶ್ಯಾವಿಗೆ. ಕಡ್ಲೆಪುರಿ. ಕಾಯಿ ಚಟ್ನಿ ಇತ್ತು, ಒಗ್ಗರಣೆ ಇಲ್ಲ. ಸಾಸಿವೆ ಕಪ್ಪಲ್ಲವಾ.

ಬರೀ ಬೆಳ್ಳಗಿನದು ತಿಂದೂ ತಿಂದೂ ಹತ್ತಿಪುರದ ಜನ ಹಗುರಾದರು. ಮೊದಲು ನಡೆದರೆ ಸದ್ದಾಗಲಿಲ್ಲ. ಆಮೇಲೆ ನಡೆದರೆ ನೆಲ ತಾಗಲಿಲ್ಲ. ಹೆಂಗಸರು ನೀರಿಗೆ ಹೋಗುವಾಗ ಸೊಂಟದಲ್ಲಿ ಒಂದು ಕಡೆ ಕೊಡ, ಇನ್ನೊಂದು ಕಡೆ ರುಬ್ಬುವ ಗುಂಡು. ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿ ಜಗಲಿ ಕಂಬಕ್ಕೆ ಬಿಗಿದುಕೊಂಡು ಎಲೆಅಡಿಕೆ ಹಾಕುತ್ತಿದ್ದರು. ಊರಿನ ಹಗ್ಗವೆಲ್ಲ ಜನರನ್ನು ಕಟ್ಟೋದರಲ್ಲೇ ಮುಗಿದುಹೋಯಿತು.

ಎಲ್ಲರಿಗಿಂತ ಹಗುರ ಯಾರು? ರಾಜನ ಮಗಳು ಕೆಂಪಾಜಿ. ನಿಮ್ಮಷ್ಟೇ ಇದ್ದಳು. ನಿಮ್ಮ ಹಾಗೇ ತುಟಿ ಬಿಗಿದುಕೊಂಡು ಕೂರುತ್ತಿದ್ದಳು. ಇಡ್ಲಿಯೂ ಬೇಡ, ಶ್ಯಾವಿಗೆಯೂ ಬೇಡ, ಬರೀ ಕಡ್ಲೆಪುರಿ. ಕಡ್ಲೆಪುರಿಯೊಳಗೆ ಏನಿದೆ? ಗಾಳಿ. ಗಾಳಿ ತಿಂದ ಹುಡುಗಿ ಗಾಳಿಯ ಹಾಗೇ ಆದಳು. ಅವಳ ಕಾಲ್ಗೆಜ್ಜೆಗೆ ನೂಲು ಕಟ್ಟಿ, ನೂಲಿನ ತುದಿಯನ್ನು ಒರಳುಕಲ್ಲಿಗೆ ಕಟ್ಟಿದ್ದರು. ಕೂತರೆ ಅವಳ ನೆರಳು ಮಾತ್ರ ಮಣೆಯ ಮೇಲೆ, ಅವಳು ಒಂದು ಗೇಣು ಮೇಲೆ.

ತಾಯಿ ಮಲ್ಲಾಜಮ್ಮಣ್ಣಿಗೆ ಜೀವದಲ್ಲಿ ಜೀವ ಇಲ್ಲ. "ಒಂದೇ ಒಂದು ತುತ್ತು ಇಡ್ಲಿ ತಿನ್ನವ್ವ."

"ಇಡ್ಲಿ ತಾನಾಗೇ ಬಾಯಿಬಿಟ್ಟು ತಿನ್ನು ಅಂದ್ರೆ ತಿಂತೀನಿ."

ರಾಣಿ ಇಡ್ಲಿಯ ಮುಂದೆ ಕೈ ಮುಗಿದಳು. "ಹೇಳಪ್ಪಾ."

ಇಡ್ಲಿ ಮೆಲ್ಲಗೆ ಬಾಯಿ ಬಿಟ್ಟಿತು. "ನಾನೇನು ಹೇಳಲಿ ತಾಯಿ? ಉದ್ದಿನಬೇಳೆಗೆ ಕಪ್ಪು ಸಿಪ್ಪೆ ಇತ್ತು ಅಂತ ಅದನ್ನ ನನ್ನಿಂದ ತೆಗೆದುಬಿಟ್ಟರು. ನನ್ನೊಳಗೆ ಏನೂ ಉಳಿದಿಲ್ಲ. ಮಗೂಗೆ ಮುಖ ತೋರಿಸೋಕೆ ನನಗೇ ನಾಚಿಕೆ." ಅಷ್ಟಂದು ಮಗುಚಿಕೊಂಡು ಬಟ್ಟಲಿನಲ್ಲಿ ಬೋರಲು ಮಲಗಿತು.

ರಾಣಿ ಗಂಡನ ಕಡೆ ತಿರುಗಿದಳು. "ಏನೂಂದ್ರೆ, ಆಷಾಢ ಬರ್ತಾ ಇದೆ. ಗಾಳಿ ಎದ್ದರೆ ನೂಲು ನಿಲ್ಲುತ್ತಾ? ಮಗಳನ್ನ ಹಾರಿಸಿಕೊಂಡು ಹೋಗುತ್ತೆ. ಒಂದು ಹಿಡಿ ಹುರುಳಿ ಮೊಳಕೆ ಕಟ್ಟಿ ಕೊಡ್ತೀನಿ. ಮೈಗೆ ತೂಕ ಬರಲಿ."

"ಹುರುಳಿನಾ!" ರಾಜ ಕಂಬದ ಕಡೆ ಕಣ್ಣು ಹಾಯಿಸಿ ದನಿ ಇಳಿಸಿದ. "ಮೆಲ್ಲಗೆ ಮಾತಾಡೇ. ಕುದುರೆ ತಿನ್ನೋದನ್ನ ಅರಸನ ಮಗಳು ತಿಂದಳು ಅಂದ್ರೆ ನಮ್ಮ ಮಾನ ಉಳಿಯುತ್ತಾ?"

ಕೆಂಪಾಜಿ ಗಾಳಿಯಲ್ಲಿ ಕೂತಲ್ಲಿಂದಲೇ ಅಂದಳು. "ಅಪ್ಪಾಜಿ ಏನು ತಿಂತಾರೋ ನಾನು ಅದನ್ನೇ ತಿನ್ನೋದು. ಬೇರೆ ಏನೂ ಮುಟ್ಟಲ್ಲ."

ಎಲ್ಲರೂ ರಾಜನ ತಟ್ಟೆ ನೋಡಿದರು. ರಾಜನ ತಟ್ಟೆಯಲ್ಲಿ ಕಡ್ಲೆಪುರಿ. ಅವನು ಒಂದು ಪುರಿ ಎತ್ತಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಮಗಳೂ ಒಂದು ಪುರಿ ಎತ್ತಿ ಅಗಿದಳು. ಅಷ್ಟಕ್ಕೇ ಇನ್ನೊಂದು ಬೆರಳು ಮೇಲಕ್ಕೆ ಹೋದಳು.

ಈಗ ಒಂದು ಗುಟ್ಟು ಹೇಳ್ತೀನಿ. ಬಾಯಲ್ಲಿ ತುತ್ತಿದೆಯಾ? ಇದ್ದರೆ ಹೇಳ್ತೀನಿ.

ಊರಿಗೆ ಊರೇ ಹಗುರಾಗಿತ್ತಲ್ಲ, ರಾಜ ಆಗಿರಲಿಲ್ಲ! ಅವನು ನಡೆದರೆ ಧಡ್ ಧಡ್. ಕೂತರೆ ಸಿಂಹಾಸನ "ಅಯ್ಯಮ್ಮಾ" ಅನ್ನುತ್ತಿತ್ತು. ಪಲ್ಲಕ್ಕಿ ಹೊರುವವರು, "ಬುದ್ಧಿ, ಭಾರ ಜಾಸ್ತಿ ಆಗ್ತಿದೆ" ಅಂದರು. "ನನ್ನದಲ್ಲ, ಪಲ್ಲಕ್ಕಿಯದು" ಅಂದ ರಾಜ. ಪಲ್ಲಕ್ಕಿಯನ್ನು ಕರೆಸಿ ಮಂತ್ರಿ ನರಸಪ್ಪಯ್ಯ ವಿಚಾರಣೆ ಮಾಡಿದ. "ನೀನು ಕದ್ದು ಏನು ತಿಂತೀಯ?" ಪಲ್ಲಕ್ಕಿ ಅತ್ತುಕೊಂಡು, "ಸ್ವಾಮಿ, ನನಗೆ ಬಾಯೇ ಇಲ್ಲ" ಅಂದಿತು. ಬಾಯಿಲ್ಲದೆ ಮಾತಾಡಿದ್ದಕ್ಕೆ ಅದಕ್ಕೆ ಉಪವಾಸ ಹಾಕಿದರು.

ರಾಜ ಎಲ್ಲ ನೋಡುತ್ತಾ ಸುಮ್ಮನೆ ಕೂತಿದ್ದ. ಬಾಯಿಲ್ಲದ ಪಲ್ಲಕ್ಕಿ ರಾಜನ ತಪ್ಪಿಗೆ ಅಳುತ್ತಿದ್ದರೆ, ಅವನ ಕಿವಿ ಕಾದ ಹೆಂಚಿನ ಹಾಗೆ ಕೆಂಪಗಾಗಿತ್ತು.

ಏನು ತಪ್ಪು ಅಂತೀರಾ? ಒಂದು ದಿನ ಮುಂಜಾನೆ ಅವನು ಲಾಯದ ಕಡೆ ಹೋಗಿದ್ದ. ಅಲ್ಲಿ ಅವನ ಕುದುರೆ. ಕುದುರೆಯ ಹೆಸರು ಗಜರಾಜ. ರಾಜನಿಗೆ ಆನೆ ಬೇಕು ಅಂತ ಆಸೆ ಇತ್ತು, ಸಿಕ್ಕಿದ್ದು ಕುದುರೆ, ಹೆಸರಾದರೂ ಇರಲಿ ಅಂತ ಇಟ್ಟಿದ್ದ. ಗಜರಾಜನ ತೊಟ್ಟಿಯಲ್ಲಿ ನೆನೆಸಿದ ಹುರುಳಿ. ಘಮ್ ಅಂತ ಮಣ್ಣಿನ ವಾಸನೆ. ರಾಜ ಒಂದೇ ಒಂದು ಕಾಳು ಬಾಯಿಗೆ ಹಾಕಿಕೊಂಡ. ಎಷ್ಟೋ ಕಾಲದ ಮೇಲೆ ಹಲ್ಲಿಗೆ ಕೆಲಸ ಸಿಕ್ಕಿತು. ಹಲ್ಲುಗಳೆಲ್ಲ "ಇನ್ನೊಂದು, ಇನ್ನೊಂದು" ಅಂದವು. ಹಿಡಿ ತುಂಬ ಬಾಚಿದ.

"ಬುದ್ಧಿ, ಅದು ನನ್ನ ಪಾಲು" ಅಂದಿತು ಗಜರಾಜ.

"ಶ್! ಕುದುರೆ ಮಾತಾಡಬಾರದು."

"ರಾಜ ಹುರುಳಿ ತಿನ್ನಬಾರದು, ಬುದ್ಧಿ."

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಪ್ಪಂದ ಆಯಿತು. ಕುದುರೆಯ ಹುರುಳಿ ರಾಜನಿಗೆ, ರಾಜನ ಇಡ್ಲಿ ಕುದುರೆಗೆ. ಯಾರಾದರೂ ಕೇಳಿದರೆ ಲಾಯದೊಳಗೆ ಗಜರಾಜನೇ ರಾಜ, ಬೆಟ್ಟದರಸನೇ ಕುದುರೆ. ಒಂದು ಸಲ ಯಾರೋ ಹುಲ್ಲು ತಂದರು ಅಂತ ರಾಜ ಕೆನೆದೂ ತೋರಿಸಿದ. ಅಷ್ಟು ಚೆನ್ನಾಗಿ ಗಜರಾಜನಿಗೂ ಕೆನೆಯೋಕೆ ಬರುತ್ತಿರಲಿಲ್ಲ. ಇಡ್ಲಿ ತಿಂದು ತಿಂದು ಪಾಪ, ಅದು ಗೊರಸೂರಿದರೆ ಹತ್ತಿ ಬಿದ್ದ ಹಾಗೆ ಆಗಿತ್ತು.

ಹಸಿ ಹುರುಳಿ ಹೊಟ್ಟೆಯಲ್ಲಿ ಗುಡುಗುಡು ಅಂದಿತು. ಮೊಳಕೆ ಬಂದರೆ ಮೆತ್ತಗಾಗುತ್ತೆ, ಅದು ರಾಜನಿಗೂ ಗೊತ್ತು. ಆದರೆ ಮೊಳಕೆ ಕಟ್ಟೋದು ಎಲ್ಲಿ? ಒದ್ದೆ ಬಟ್ಟೆ ಬೇಕು. ಬಿಸಿ ಬೇಕು. ಕತ್ತಲೆ ಬೇಕು. ಯಾರೂ ಕೈ ಹಾಕದ ಜಾಗ ಬೇಕು. ಅರಮನೆಯಲ್ಲಿ ಅಂಥ ಜಾಗ ಒಂದೇ. ರಾಜನ ತಲೆ!

ಅವನ ಪೇಟ ಬಿಚ್ಚಿದರೆ ಅರಮನೆಗೆ ಒಂದು ಸುತ್ತು ಬರುವಷ್ಟು ಉದ್ದ. ಅದನ್ನು ಒದ್ದೆ ಮಾಡಿ, ಮಡಿಕೆ ಮಡಿಕೆಗೂ ಹುರುಳಿ ತುಂಬಿ, ತಲೆಗೆ ಸುತ್ತಿಕೊಂಡ. ರಾಜ್ಯದ ಯೋಚನೆಯ ಬಿಸಿಗೆ ಹುರುಳಿ ಚೆನ್ನಾಗಿ ಮೊಳೆಯಿತು. ಮೊಳೆತ ಮೇಲೆ ಮಾತಾಡೋಕೂ ಶುರು ಮಾಡಿತು.

ರಾಜ ಓಲಗದಲ್ಲಿ ನ್ಯಾಯ ಹೇಳುತ್ತಿದ್ದರೆ ಪೇಟದೊಳಗಿಂದ, "ಒಗ್ಗರಣೆ ಯಾವಾಗ?"

ರಾಜ ಕೆಮ್ಮುತ್ತಿದ್ದ.

"ಈರುಳ್ಳಿ ಹೆಚ್ಚಿದ್ದಾಯ್ತಾ?"

ರಾಜ ಇನ್ನೂ ಜೋರಾಗಿ ಕೆಮ್ಮುತ್ತಿದ್ದ.

"ಹಿಂಗೆ ಎಷ್ಟು ದಿನ ಬಚ್ಚಿಡ್ತೀಯ? ನಾವೇನು ಕದ್ದ ಮಾಲಾ?"

ಅದಕ್ಕೆ ಮಾತ್ರ ಕೆಮ್ಮು ಬರಲಿಲ್ಲ. ಕದ್ದ ಮಾಲೇ ಆಗಿತ್ತಲ್ಲ.

ಒಂದು ದಿನ ಪೇಟದ ಮಡಿಕೆಯಿಂದ ಮೊಳಕೆಯ ಬಾಲಗಳು ಹೊರಗೆ ಇಣುಕಿದವು. ನರಸಪ್ಪಯ್ಯ, "ಆಹಾ, ಬುದ್ಧಿಯವರ ಹೊಸ ತುರಾಯಿ!" ಅಂದ. ಮಾರನೆ ದಿನ ಇಡೀ ಆಸ್ಥಾನ ಬೆಳ್ಳಗಿನ ದಾರದ ತುಂಡುಗಳನ್ನು ಪೇಟಕ್ಕೆ ಸಿಕ್ಕಿಸಿಕೊಂಡು ಬಂತು. ಎಲ್ಲರೂ ಹೊಗಳುವವರೇ. ರಾಜ ತಲೆ ಅಲ್ಲಾಡಿಸದೆ ಕೂತಿದ್ದ. ಅಲ್ಲಾಡಿಸಿದರೆ ಕಾಳು ಉದುರುತ್ತೆ. ಮನೆಗೆ ಬಂದರೆ ಮಗಳು ಸೂರಿನ ಜಂತೆಗೆ ತಲೆ ತಾಗಿಸಿಕೊಂಡು, "ಅಪ್ಪಾಜಿ, ಇವತ್ತೇನು ತಿಂದ್ರಿ?" ಅಂತ ಕೇಳುತ್ತಿದ್ದಳು.

"ಕಡ್ಲೆಪುರಿ ಕಣವ್ವ."

"ನಾನೂ ಅದೇ" ಅನ್ನುತ್ತಿದ್ದಳು, ಹೆಮ್ಮೆಯಿಂದ.

ಆ ಹೆಮ್ಮೆ ನೋಡಿದಾಗ ಅವನು ಪೇಟವನ್ನು ಇನ್ನೊಂಚೂರು ಕೆಳಕ್ಕೆ ಎಳೆದುಕೊಳ್ಳುತ್ತಿದ್ದ. ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದ. ನಾಳೆ ಕಂಬದ ಹಿಂದಿನಿಂದ, "ಅವನು ಹೋದನಾ?" ಅಂತ ಕೇಳಿಸುತ್ತಿತ್ತು. ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಆಷಾಢ ಬಂತು. ಗಾಳಿ ಎದ್ದಿತು.

ಅರಮನೆ ಅಂಗಳದಲ್ಲಿ ಕೆಂಪಾಜಿ ಒರಳುಕಲ್ಲಿನ ಮೇಲೆ ಗಾಳಿಪಟದ ಹಾಗೆ ತೂಗುತ್ತಿದ್ದಳು. ಭರ್ ಅಂತ ಒಂದು ಗಾಳಿ ಬೀಸಿತು ನೋಡಿ. ನೂಲು ಪಟ್ ಅಂತ ಕಿತ್ತುಹೋಯಿತು. ಹುಡುಗಿ ಮೇಲಕ್ಕೆ ಹೋದಳು.

"ಅವ್ವಾ!" ಅಂದಳು. ರಾಣಿ ಹಾರಿ ಅವಳ ಕಾಲು ಹಿಡಿದಳು. ರಾಣಿಯೂ ಮೇಲಕ್ಕೆ. ಅಡುಗೆಯವಳು ರಾಣಿಯ ಸೆರಗು ಹಿಡಿದಳು. ಅವಳೂ ಮೇಲಕ್ಕೆ. ನರಸಪ್ಪಯ್ಯ ಅಡುಗೆಯವಳ ಸೌಟು ಹಿಡಿದ. ಅವನೂ ಮೇಲಕ್ಕೆ ಹೋಗಿ, ನಡುವೆ ಕೈ ಜಾರಿ ಎಲ್ಲರೂ ನುಗ್ಗೆಮರದ ಮೇಲೆ ಸಿಕ್ಕಿಕೊಂಡರು. ಹಾರಿದವಳು ಕೆಂಪಾಜಿ ಒಬ್ಬಳೇ.

"ಹಗ್ಗ! ಹಗ್ಗ!" ಊರೆಲ್ಲ ಕೂಗಿತು. ಹಗ್ಗ ಎಲ್ಲಿದೆ? ಕೂಗುವವರ ಸೊಂಟದಲ್ಲೇ ಇದೆ. ಬಿಚ್ಚಿದರೆ ಅವರೇ ಹಾರುತ್ತಾರೆ.

ನುಗ್ಗೆಮರದ ಮೇಲಿಂದ ರಾಣಿ ಗಂಡನನ್ನು ನೋಡಿ ಕೂಗಿದಳು. "ಏನ್ ನೋಡ್ತಾ ನಿಂತಿದ್ದೀರಿ? ನಿಮ್ಮ ಪೇಟ ಬಿಚ್ಚಿ ಎಸೀರಿ! ಅದರಷ್ಟು ಉದ್ದ ಯಾವ ಹಗ್ಗ ಇದೆ?"

ರಾಜನ ಎರಡು ಕೈಯೂ ಪೇಟಕ್ಕೆ ಹೋದವು. ಹೋಗಿ ಅಲ್ಲೇ ನಿಂತವು.

ಬಿಚ್ಚಿದರೆ ಇಡೀ ಊರಿನ ಎದುರು ಹುರುಳಿ ಉದುರುತ್ತೆ. ಮಾನ ಹೋಗುತ್ತೆ. ಬಿಚ್ಚದಿದ್ದರೆ ಮಗಳು ಹೋಗ್ತಾಳೆ.

ಅವನು ಯೋಚನೆ ಮಾಡಿದ, ಮಕ್ಕಳೇ. ಹೇಳೋಕೆ ನನಗೇ ನಾಚಿಕೆ ಆಗುತ್ತೆ, ಆದರೆ ಮಾಡಿದ. ಅವನು ಯೋಚನೆ ಮಾಡುವಷ್ಟರಲ್ಲಿ ಹುಡುಗಿ ಸೂರು ದಾಟಿದಳು. ಗೋಪುರ ದಾಟಿದಳು. ಅಲ್ಲಿಂದ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಯಾಕೆ ತಲೆ ಹಿಡಿದುಕೊಂಡು ನಿಂತಿದ್ದಾರೆ, ತಲೆ ನೋಯ್ತಾ ಇದೆಯೇನೋ ಅಂದುಕೊಂಡಳಂತೆ.

"ಅಪ್ಪಾಜಿ, ತಲೆ ನೋವಾ?" ಅಂತ ಮೇಲಿಂದ ಕೂಗಿದಳು.

ಪೇಟದೊಳಗಿನ ಹುರುಳಿ ಮೆಲ್ಲಗೆ ಅಂದಿತು. "ಬಿಚ್ಚಪ್ಪಾ. ನಮಗೇನೂ ನಾಚಿಕೆ ಇಲ್ಲ."

ರಾಜ ಕಣ್ಣು ಮುಚ್ಚಿಕೊಂಡ. ಬಿಚ್ಚಿದ.

ಸರ್ರ್ ಅಂತ ಪೇಟ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಒಂದೊಂದು ಸುತ್ತಿಗೂ ಒಂದೊಂದು ಮೊರದಷ್ಟು ಹುರುಳಿ ಜಳಜಳ ಉದುರಿತು. ಬಾಲ ಬಿಟ್ಟ ಹುರುಳಿ, ಕಂದು ಹುರುಳಿ, ಒದ್ದೆ ಹುರುಳಿ. ಅವನ ಕಾಲು ಮುಚ್ಚುವಷ್ಟು. ತುದಿಯನ್ನು ಬೀಸಿ ಎಸೆದ. ಮಗಳನ್ನು ಒಯ್ಯುತ್ತಿದ್ದ ಗಾಳಿಯೇ ಬಟ್ಟೆಯನ್ನೂ ಒಯ್ದು ಮಗಳ ಕೈಗೆ ಕೊಟ್ಟಿತು. ಅವಳು ಹಿಡಿದಳು. ಗಾಳಿ ಎಳೆಯಿತು. ರಾಜ ಎಳೆದ. ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡಿತು. ಮಂತ್ರಿಯನ್ನು ಎತ್ತಿಕೊಂಡು ಹೋದ ಗಾಳಿಗೆ ರಾಜ ಅಲುಗಲಿಲ್ಲ! ಎರಡು ಕಾಲೂ ನೆಲದಲ್ಲಿ ನಾಟಿದ ಹಾಗೆ ನಿಂತು ಮಗಳನ್ನು ಗೇಣು ಗೇಣಾಗಿ ಇಳಿಸಿಕೊಂಡು ಎದೆಗೆ ಅಪ್ಪಿಕೊಂಡ.

ಪಲ್ಲಕ್ಕಿ ಮೂಲೆಯಲ್ಲಿ "ನಾನು ಹೇಳಲಿಲ್ವಾ" ಅಂದಿತು.

ಕೆಂಪಾಜಿ ಅಪ್ಪನ ತೋಳಿನಿಂದ ಕೆಳಗೆ ನೋಡಿದಳು. "ಅಪ್ಪಾಜಿ, ಇದೇನು?"

ಏನೂ ಇಲ್ಲ ಕಣವ್ವ ಅನ್ನೋ ಮಾತು ಅವನ ತುಟಿಯವರೆಗೂ ಬಂತು. ನುಂಗಿಕೊಂಡ. "ಹುರುಳಿ."

"ಯಾರದು?"

"ಕುದುರೇದು. ನಾನು ಕದ್ದಿದ್ದು."

"ದಿನಾ ತಿಂತಿದ್ರಾ?"

"ದಿನಾ."

ಹುಡುಗಿ ಕೆಳಗಿನ ರಾಶಿಯನ್ನೂ ಅಪ್ಪನ ಮುಖವನ್ನೂ ನೋಡಿದಳು. ಆಮೇಲೆ ಕೇಳಿದಳು. "ನಂಗೆ ಪುರಿ ಕೊಟ್ಟು?"

ಆಗ ರಾಜನ ತಲೆ ಬಗ್ಗಿತು. ಪೇಟ ಇಲ್ಲದ ತಲೆ. ಊರಿನವರು ಮೊದಲ ಸಲ ನೋಡಿದ್ದು. ಬೋಳಾಗಿ, ಚಿಕ್ಕದಾಗಿ, ಅಲ್ಲಲ್ಲಿ ಹುರುಳಿ ಸಿಪ್ಪೆ ಅಂಟಿಕೊಂಡು. ಬಗ್ಗಿ ಬಗ್ಗಿ ಮಗಳ ಪಾದಕ್ಕೆ ತಾಗುವಷ್ಟು ಬಗ್ಗಿತು. ಭೂಮಿ ಬಾಯಿ ಬಿಡಲಿ ಅಂದುಕೊಂಡ. ಭೂಮಿಯ ಬಾಯಲ್ಲಿ ಹುರುಳಿ ತುಂಬಿತ್ತು, ಬಿಡಲಿಲ್ಲ.

"ಆಡಿಕೊಳ್ತಾರೆ ಅಂತ ಹೆದರಿದೆ ಕಣವ್ವ" ಅಂದ.

ಹುಡುಗಿ ಅಪ್ಪನ ತೋಳಿನಿಂದಲೇ ಕೈ ಚಾಚಿ ಒಂದು ಕಾಳು ಎತ್ತಿಕೊಂಡಳು. ಉಫ್ ಅಂತ ಊದಿದಳು. ಬಾಯಿಗೆ ಹಾಕಿಕೊಂಡಳು.

"ಥೂ! ಒಗರು."

"ಒಗರೇ."

"ನೀವೂ ತಿನ್ನಿ. ನನ್ನ ಎದುರಿಗೇ. ಬಚ್ಚಿಟ್ಟುಕೊಳ್ಳದೆ."

ರಾಜ ಒಂದು ಕಾಳು ತಿಂದ. ಕದ್ದಾಗ ಸಿಹಿಯಾಗಿದ್ದದ್ದು ಎಲ್ಲರೆದುರು ತಿಂದಾಗ ಅವನಿಗೂ ಒಗರಾಯಿತು. ಮೀಸೆಗೆ ಮೊಳಕೆ ಅಂಟಿಸಿಕೊಂಡೇ ಅವನು ಮುಖ ಹಿಂಡಿದ. ಅವನ ಮುಖ ನೋಡಿ ಮಗಳಿಗೆ ನಗು ಬಂತು. ಇನ್ನೊಂದು ಎತ್ತಿಕೊಂಡಳು. ಅವನೂ ಇನ್ನೊಂದು. ಅವಳೂ. ಹಾಗೇ ತಿನ್ನುತ್ತಾ ತಿನ್ನುತ್ತಾ ಅವಳ ಕಾಲ್ಗೆಜ್ಜೆ ನೆಲಕ್ಕೆ ತಾಗಿ ಝಲ್ ಅಂದಿತು. ಎಷ್ಟು ದಿನದ ಮೇಲೆ!

ನುಗ್ಗೆಮರದ ಮೇಲಿಂದ ರಾಣಿ ಕೂಗಿದಳು. "ಹಸೀದು ತಿನ್ನಿಸಬೇಡಿ, ಹೊಟ್ಟೆ ನೋವು ಬರುತ್ತೆ! ಮೊದಲು ನನ್ನ ಇಳಿಸಿ, ಒಲೆ ಹಚ್ಚಬೇಕು!"

ಇಳಿಸಿದರು. ಒಲೆ ಹಚ್ಚಿದಳು. ಸಾಸಿವೆ ಚಟಪಟ ಅಂದಿತು. ಹತ್ತಿಪುರದಲ್ಲಿ ಆ ಸದ್ದು ಕೇಳಿ ಯಾವ ಕಾಲವಾಗಿತ್ತೋ, ಮುದುಕರು ಕಣ್ಣೊರೆಸಿಕೊಂಡರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಮೇಲೆ ಒಂದು ಹಿಡಿ ಕಾಯಿತುರಿ. ಮೊದಲ ಸೌಟು ಗಜರಾಜನಿಗೆ. ರಾಜನೇ ಕೈಯಾರೆ ಬಡಿಸಿದ. ಬಡಿಸುವಾಗ ಕುದುರೆಯ ಮುಖ ನೋಡಲಿಲ್ಲ.

ಎರಡನೇ ಸೌಟು ಬಡಿಸುವಷ್ಟರಲ್ಲಿ ಕಂಬದ ಹಿಂದಿನಿಂದ ದನಿ ಬಂತು. "ಯಾರಾದರೂ ನಕ್ಕರಾ?"

ಎಲ್ಲರೂ ಉಸಿರು ಬಿಗಿ ಹಿಡಿದರು. ಕೆಂಪಾಜಿ ಅಂದಳು. "ನಾನು ನಕ್ಕೆ, ಮುತ್ತಾತ. ಅಪ್ಪಾಜಿ ಮೀಸೆಯಲ್ಲಿ ಮೊಳಕೆ ಅಂಟಿತ್ತು."

ಕಂಬ ಸುತ್ತಿದ ಗಡ್ಡ ಸ್ವಲ್ಪ ಅಲುಗಿತು. ಆಮೇಲೆ, "ನಕ್ಕು?"

"ನಕ್ಕು, ಆಮೇಲೆ ನಾನೂ ತಿಂದೆ."

"ಓ. ನಕ್ಕು ತಿಂದೆಯಾ. ಹಂಗಾದ್ರೆ ಒಂದು ಸೌಟು ಉಳಿದಿದ್ಯಾ?"

ದೊಡ್ಡ ಅರಸರು ಹೊರಗೆ ಬಂದರು. ಗಡ್ಡ ಕಂಬಕ್ಕೆ ಸುತ್ತಿಕೊಂಡಿತ್ತಲ್ಲ, ಕಂಬವೂ ಜೊತೆಗೇ ಬಂತು. ಅರಮನೆ ಒಂದು ಕಡೆಗೆ ವಾಲಿತು. ಇವತ್ತಿಗೂ ವಾಲಿಕೊಂಡೇ ಇದೆ. ಯಾರೂ ಸರಿ ಮಾಡೋಕೆ ಹೋಗಿಲ್ಲ. ಸರಿ ಮಾಡಿದರೆ ತಾತ ಮತ್ತೆ ಹಿಂದೆ ಹೋಗಿ ನಿಂತುಕೊಂಡಾರು ಅಂತ ಭಯ.

ರಾಜ ಆಮೇಲೆ ಪೇಟ ಕಟ್ಟಲಿಲ್ಲ. ಆ ಬಟ್ಟೆಯನ್ನು ಹರಿದು ಮನೆಮನೆಗೂ ಮೊಳಕೆ ಕಟ್ಟೋಕೆ ಹಂಚಿದ. ದಿನಾ ಬೆಳಿಗ್ಗೆ ಮಗಳ ಎದುರಿಗೆ ಕೂತು, ಅವಳು ನೋಡುತ್ತಿರುವಾಗಲೇ ಮೊದಲ ತುತ್ತು ತಿನ್ನುತ್ತಿದ್ದ. ತಿನ್ನುವಾಗ ಅವನ ಕಿವಿ ಕೆಂಪಗಾಗುತ್ತಿತ್ತು. ಮಗಳು ದೊಡ್ಡವಳಾದಳು, ಮದುವೆಯಾದಳು, ಅವಳಿಗೂ ಮಕ್ಕಳಾದವು. ಕಿವಿಯ ಕೆಂಪು ಮಾತ್ರ ಇಳಿಯಲೇ ಇಲ್ಲ. ಇಳಿಯದೇ ಇದ್ದದ್ದೇ ಒಳ್ಳೆಯದು ಬಿಡಿ.

ಈ ಕತೆಯ ನೀತಿ ಏನು? ದೊಡ್ಡ ಪೇಟ ಕಟ್ಟಿದವರು ಎದುರಿಗೆ ಬಂದರೆ ಒಮ್ಮೆ ಮೂಸಿ ನೋಡಿ, ಒಗ್ಗರಣೆಗೆ ಆಗುತ್ತೇನೋ ಅಂತ. ಪಲ್ಲಕ್ಕಿಗೆ ಉಪವಾಸ ಹಾಕಬೇಡಿ. ಕುದುರೆಗೆ ಇಡ್ಲಿ ಹಾಕಬೇಡಿ.

ಏನು ಹಾಗೆ ನನ್ನ ಕೈ ನೋಡ್ತಿದ್ದೀರಿ? ನನ್ನ ತಟ್ಟೆ ಎಲ್ಲಿ ಅಂತಲಾ? ತಂದಿದ್ದೀನಿ, ತಂದಿದ್ದೀನಿ. ಇಗೋ ನೋಡಿ, ನಿಮಗೆ ಹಾಕಿದ್ದೇ ಇದು, ಒಂದು ಕಾಳೂ ಬೇರೆ ಇಲ್ಲ. ಗಜರಾಜ ಲಾಯಕ್ಕೆ ಹೋಯಿತು, ಗಾಳಿ ಗುಡ್ಡಕ್ಕೆ ಹೋಯಿತು, ಕತೆ ನಿಮ್ಮ ಹೊಟ್ಟೆಗೆ ಹೋಯಿತು. ಈಗ ನಾನು ತಿಂತೀನಿ, ನೀವು ನೋಡಿ. ನಾನು ಮುಖ ಹಿಂಡಿದರೆ ನಗಬಹುದು.